ವಾಡಿಯಿಂದ ಕುಂಚಾವರಂ: ನಮ್ಮ ಜಿಲ್ಲೆಯೊಳಗಿನ ಗುಡ್ಡದ ದಾರಿ, ಹೊರಡುವ ಮುಂಚೆ ತಿಳಿದಿರಬೇಕಾದ ಮಾತು

ವಾಡಿ: ಘಾಟ್ ರಸ್ತೆ ಅಂದ್ರ ನಮ್ಮ ಕಡೆ ಮಂದಿಗೆ ಮೊದಲು ನೆನಪಾಗೂದು ಆಗುಂಬೆ, ಚಾರ್ಮಾಡಿ, ಶಿರಾಡಿ. ಹೊಸದಾಗಿ ಬುಲೆಟ್ ಗಾಡಿ ತಗೊಂಡ ಹುಡುಗರನ್ನ ಕೇಳಿದ್ರ ಸೀದಾ ಲಡಾಖ್ ಅಂತಾರ. ಅಲ್ಲಿಯ ಖರ್ದುಂಗ್ ಲಾ 5,359 ಮೀಟರ್ ಎತ್ತರದಲ್ಲಿದೆ, ಉಮ್ಲಿಂಗ್ ಲಾ ರಸ್ತೆಯಂತೂ 5,798 ಮೀಟರ್. ಅಲ್ಲಿಗೆ ಹೋಗಿ ಬರಲು ವಾರಗಟ್ಟಲೆ ರಜೆ ಬೇಕು, ರೊಕ್ಕ ಬೇಕು. ಕಲಬುರಗಿ ಜಿಲ್ಲೆಯ ಎತ್ತರ ಸಮುದ್ರಮಟ್ಟದಿಂದ 300ರಿಂದ 750 ಮೀಟರ್ ಒಳಗೇ ಮುಗಿಯುತ್ತದೆ. ಹಾಗಾಗಿ ನಮ್ಮಲ್ಲಿ ಹಿಮವೂ ಇಲ್ಲ, ಉಸಿರು ಕಟ್ಟುವ ಎತ್ತರವೂ ಇಲ್ಲ. ಆದರೆ ಮುಂಜಾನೆ ವಾಡಿ ಬಿಟ್ಟು, ಮಧ್ಯಾಹ್ನದ ರೊಟ್ಟಿಯನ್ನು ಕಾಡಿನ ಅಂಚಿನಲ್ಲಿ ಉಂಡು, ದೀಪ ಹಚ್ಚುವ ಹೊತ್ತಿಗೆ ಮನೆಗೆ ಬರಬಹುದಾದ ಗುಡ್ಡದ ದಾರಿ ಒಂದು ಇದೆ: ಚಿತ್ತಾಪುರ, ಸೇಡಂ, ಚಿಂಚೋಳಿ ಮೇಲೆ ಚಂದ್ರಂಪಳ್ಳಿ, ಗೊಟ್ಟಂಗೊಟ್ಟ, ಕುಂಚಾವರಂ.

ಈ ದಾರಿಯ ಬಗ್ಗೆ ಮಳೆಗಾಲ ಬಂದಾಗಲೆಲ್ಲ ಓದುಗರು ಕೇಳುವ ಪ್ರಶ್ನೆ ಒಂದೇ: "ಘಾಟ್ ಹೆಂಗದರೀ, ಹೊಸಾ ಡ್ರೈವರ್‌ಗೆ ಆಗ್ತದೇನು?" ಆಗ್ತದ. ಈ ದಾರಿಯಲ್ಲಿ ಗುಡ್ಡ ಹತ್ತುವುದೇ ಎಲ್ಲಕ್ಕಿಂತ ಸುಲಭದ ಕೆಲಸ. ಎಚ್ಚರ ಬೇಕಾದದ್ದು ಗುಡ್ಡ ಬರುವ ಮುಂಚಿನ ಬಯಲಿನಲ್ಲಿ, ಆಮೇಲೆ ಗಾಡಿ ನಿಲ್ಲಿಸಿ ಇಳಿಯುವ ಜಾಗದಲ್ಲಿ.

ಪರ್ಸಿಯಿಂದ ಕರಿಕಲ್ಲಿಗೆ

ವಾಡಿ, ಶಹಾಬಾದ್, ಚಿತ್ತಾಪುರ, ಸೇಡಂ ಎಲ್ಲ ಕೂತಿರುವುದು ಸುಣ್ಣಕಲ್ಲಿನ ಮೇಲೆ. ಭೂವಿಜ್ಞಾನಿಗಳು ಇದನ್ನು ಭೀಮಾ ಶಿಲಾಸಮೂಹ ಅಂತಾರೆ. ಒಂದರ ಮೇಲೊಂದು ಹಾಸಿಟ್ಟ ಹಾಗೆ ಪದರ ಪದರವಾಗಿರುವ ಕಲ್ಲು ಇದು. ಅದಕ್ಕೇ ಶಹಾಬಾದಿ ಪರ್ಸಿ ಅಷ್ಟು ಚಂದ ಸೀಳಿ ಬರುತ್ತದೆ, ಅದಕ್ಕೇ ಇಲ್ಲಿ ಸಿಮೆಂಟ್ ಕಾರ್ಖಾನೆಗಳು ಬಂದವು. ಗಡಿಯಾಚೆ ತೆಲಂಗಾಣದಲ್ಲಿ ತಾಂಡೂರು ಕಲ್ಲು ಅಂತ ಮಾರುವುದೂ ಇದರ ದಾಯಾದಿಯೇ. ಕಲ್ಲು ಸಪಾಟು, ಹಾಗಾಗಿ ನೆಲವೂ ಸಪಾಟು. ವಾಡಿ ಸ್ಟೇಷನ್ನಿನ ಮೇಲ್ಸೇತುವೆ ಹತ್ತಿ ನಿಂತರೆ ಕಣ್ಣಿಗೆ ಅಡ್ಡ ಬರುವುದು ಕಾರ್ಖಾನೆಯ ಚಿಮಣಿ ಮಾತ್ರ.

ಉತ್ತರಕ್ಕೆ ಹೋದ ಹಾಗೆ ಈ ಸುಣ್ಣಕಲ್ಲು ದಖನ್ನಿನ ಕರಿಕಲ್ಲಿನ ಅಡಿಗೆ ಸರಿಯುತ್ತದೆ. ಸುಮಾರು 6.6 ಕೋಟಿ ವರ್ಷದ ಹಿಂದೆ ನೆಲ ಸೀಳಿ ಉಕ್ಕಿದ ಲಾವಾ ಹರಿದು, ಆರಿ, ಮತ್ತೆ ಅದರ ಮೇಲೆ ಹರಿದು ಆದ ಕಲ್ಲು ಅದು. ಅದು ಕರಗಿ ಆದದ್ದೇ ನಮ್ಮ ತೊಗರಿ ಬೆಳೆಯುವ ಎರೆಭೂಮಿ. ಚಿಂಚೋಳಿಯಿಂದ ಆಚೆ ಈ ಕರಿಕಲ್ಲಿನ ಮೇಲೆ ಇನ್ನೊಂದು ಟೊಪ್ಪಿಗೆ ಇದೆ, ಕೆಂಪು ಜಂಬಿಟ್ಟಿಗೆಯದು. ಬೀದರ್ ಕೋಟೆಯ ಗೋಡೆಯಲ್ಲಿ ಕಾಣುವ ಅದೇ ಕೆಂಪು ಕಲ್ಲು. ಮೇಲಿನ ಕೆಂಪು ಗಟ್ಟಿಯಾಗಿ ಉಳಿದು, ಹಳ್ಳಗಳು ಅಂಚನ್ನು ಕೊರೆದು ಕೊರೆದು ಕಣಿವೆಗಳಾದವು. ಅಂದರೆ ಇಲ್ಲಿಯ ಗುಡ್ಡ ನೆಲದಿಂದ ಮೇಲೆ ಎದ್ದದ್ದಲ್ಲ. ಸುತ್ತಲಿನ ನೆಲ ಸವೆದು ಕೆಳಗೆ ಹೋಗಿದೆ. ರಸ್ತೆಯಲ್ಲಿ ಹೋಗುತ್ತ ಇದನ್ನು ಕಣ್ಣಾರೆ ನೋಡಬಹುದು. ಸೇಡಂವರೆಗೆ ರಸ್ತೆ ಬದಿಯ ಮಣ್ಣಿನಲ್ಲಿ ಬಿಳಿ-ಬೂದು ಚಕ್ಕೆ, ಸುಲೇಪೇಟ ಹತ್ತಿರ ಕಪ್ಪು, ಕುಂಚಾವರಂ ಏರಿನಲ್ಲಿ ಕೆಂಪು. ಗಾಡಿಯ ಟೈರಿನ ಬಣ್ಣವೂ ಹಾಗೇ ಬದಲಾಗುತ್ತದೆ.

ಬಯಲಿನ ದಾರಿ: ಲಾರಿ, ರಾಡಿ, ಕಾಗಿಣಾ

ವಾಡಿಯಿಂದ ಚಂದ್ರಂಪಳ್ಳಿಗೆ ಒಂದು ಕಡೆಗೆ ನೂರು ಕಿಲೋಮೀಟರಿನ ಆಸುಪಾಸು. ಅದರಲ್ಲಿ ಮುಕ್ಕಾಲು ಭಾಗಕ್ಕಿಂತ ಹೆಚ್ಚು ಬಯಲೇ. ಶಹಾಬಾದಿನವರು ಬೇಕಾದರೆ ಕಲಬುರಗಿಗೆ ಹೋಗಿ ಮಹಾಗಾಂವ ಕ್ರಾಸ್ ಮೇಲೆ ಚಿಂಚೋಳಿ ಸೇರಬಹುದು. ಅದು ಸುತ್ತು, ಆದರೆ ಸಿಮೆಂಟ್ ಲಾರಿಗಳ ಕಾಟ ಕಡಿಮೆ.

ನಮ್ಮ ದಾರಿಯಲ್ಲಿ ಆ ಕಾಟ ತಪ್ಪಿದ್ದಲ್ಲ. ವಾಡಿ, ಇಟಗಾ, ಮಳಖೇಡ, ಸೇಡಂ ಎಲ್ಲ ಕಡೆ ಕಾರ್ಖಾನೆಗಳಿವೆ. ಒಂದು ಬಲ್ಕರ್ ದಾಟಿದಿರಿ ಅನ್ನುವಷ್ಟರಲ್ಲಿ ಮುಂದೆ ಇನ್ನೊಂದು. ಹೊಸಬರು ಮಾಡುವ ತಪ್ಪು ಏನಂದರೆ, ಎರಡು ಲಾರಿ ಒಟ್ಟಿಗೆ ದಾಟಲು ನೋಡುವುದು. ಹಾಗೆ ಮಾಡಬ್ಯಾಡ್ರಿ. ಬಲ್ಕರ್ ಉದ್ದ ನಿಮ್ಮ ಅಂದಾಜಿಗಿಂತ ಜಾಸ್ತಿ ಇರ್ತದ, ಅದರ ಹಿಂದಿನ ಧೂಳಿನಲ್ಲಿ ಎದುರಿನ ಗಾಡಿ ಕಾಣುವುದಿಲ್ಲ. ಹತ್ತು ನಿಮಿಷ ಹಿಂದೆ ಹೋದರೆ ಏನೂ ಗಂಟು ಹೋಗುವುದಿಲ್ಲ. ಚಿತ್ತಾಪುರದಲ್ಲಿ ಹೇಗೂ ಚಹಾಕ್ಕೆ ನಿಲ್ಲುತ್ತೀರಿ.

ನಿಂತರೆ ಪಕ್ಕದ ನಾಗಾವಿ ನೋಡಿಕೊಂಡು ಹೋಗ್ರಿ. 11ನೇ ಶತಮಾನದಲ್ಲಿ ಅಲ್ಲೊಂದು ಘಟಿಕಾಸ್ಥಾನ ಇತ್ತು, ವಿದ್ಯಾರ್ಥಿಗಳಿಗೆ ಊಟ-ವಸತಿ ಇತ್ತು, ಗ್ರಂಥಭಂಡಾರ ನೋಡಿಕೊಳ್ಳಲೆಂದೇ ನೇಮಿಸಿದ ಜನ ಇದ್ದರು ಅಂತ ಅಲ್ಲಿಯ ಶಾಸನವೇ ಹೇಳುತ್ತದೆ. ಮಳಖೇಡ ಮಾತ್ರ ಇದೇ ದಿನದ ಪ್ರವಾಸಕ್ಕೆ ಸೇರಿಸಬೇಡಿ. ರಾಷ್ಟ್ರಕೂಟರ ರಾಜಧಾನಿಗೆ ಅರ್ಧ ಗಂಟೆ ಕೊಡುವುದು ಅನ್ಯಾಯ, ಅದಕ್ಕೆ ಬೇರೆಯದೇ ದಿನ ಬೇಕು.

ಎರಡನೆಯ ತೊಂದರೆ ರಾಡಿ. ಮಳೆ ಬಂದ ಮರುದಿನ ಹೊಲದಿಂದ ಹೊರಬರುವ ಟ್ರ್ಯಾಕ್ಟರ್ ತನ್ನ ಗಾಲಿಯಲ್ಲಿ ಎರೆಮಣ್ಣು ಹೊತ್ತು ತಂದು ಡಾಂಬರಿನ ಮೇಲೆ ಬಳಿಯುತ್ತದೆ. ನೋಡಲು ರಸ್ತೆ ಒಣಗಿದ ಹಾಗೆ ಇರುತ್ತದೆ, ಆದರೆ ಬೈಕಿನ ಮುಂದಿನ ಬ್ರೇಕ್ ಹಿಡಿದರೆ ಬೆಣ್ಣೆ ಮೇಲೆ ಹಿಡಿದ ಹಾಗೆ. ಸೇಡಂ ದಾಟಿದ ಮೇಲೆ ಸುಲೇಪೇಟವರೆಗೆ ಇದು ಜಾಸ್ತಿ. ಗುಡ್ಡದ ತಿರುವಿನಲ್ಲಿ ಬೀಳಬಹುದು ಅಂತ ಹೆದರಿ ಬಂದವರು ಇಲ್ಲಿ, ಸೀದಾ ರಸ್ತೆಯಲ್ಲಿ ಬೀಳುತ್ತಾರೆ.

ಮೂರನೆಯದು ಕಾಗಿಣಾ ನದಿ. ಇದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಸೇಡಂನಿಂದ ಚಿಂಚೋಳಿಗೆ ಹೋಗಬೇಕಾದರೆ ಕಾಗಿಣಾ ದಾಟಲೇಬೇಕು. ಈ ನದಿ ಹುಟ್ಟುವುದು ನಮ್ಮಲ್ಲಲ್ಲ, ತೆಲಂಗಾಣದ ವಿಕಾರಾಬಾದ್ ಹತ್ತಿರದ ಅನಂತಗಿರಿ ಗುಡ್ಡದಲ್ಲಿ. ಹೈದರಾಬಾದಿಗೆ ಹೋಗುವ ಮೂಸಿ ನದಿಯ ಹುಟ್ಟೂ ಅಲ್ಲೇ. ಅನಂತಗಿರಿಯಲ್ಲಿ ರಾತ್ರಿ ಮಳೆ ಹೊಡೆದರೆ ತಾಂಡೂರು ದಾಟಿ ನೀರು ನಮ್ಮ ಕಡೆ ಬರುತ್ತದೆ. ಅಷ್ಟರಲ್ಲಿ ಇಲ್ಲಿ ಬಿಸಿಲು ಬಿದ್ದಿರುತ್ತದೆ. "ನಮ್ಮೂರಾಗ ಮಳಿನೇ ಇಲ್ಲ" ಅಂತ ಹೊರಟವರು ಸೇತುವೆ ಹತ್ತಿರ ಬಂದು ಬಾಯಿ ಬಿಟ್ಟು ನಿಲ್ಲುವುದು ಇದಕ್ಕೇ. ಮಳಖೇಡದಲ್ಲೂ ದಂಡೋತಿಯಲ್ಲೂ ಸೇತುವೆ ಮುಳುಗಿದ ಸುದ್ದಿ ಮಳೆಗಾಲದಲ್ಲಿ ನೀವೇ ಓದಿರುತ್ತೀರಿ. ಚಿಂಚೋಳಿ ಗುಡ್ಡದ ನೀರು ಮುಲ್ಲಾಮಾರಿಯಾಗಿ ಹರಿದು ಬಂದು ಸೇರುವುದೂ ಕಾಗಿಣಾಕ್ಕೇ. ಆದ್ದರಿಂದ ಜುಲೈನಿಂದ ಅಕ್ಟೋಬರ್‌ವರೆಗೆ ಹೊರಡುವ ಮುಂಚೆ ತಾಂಡೂರು, ವಿಕಾರಾಬಾದ್ ಕಡೆ ಮಳೆ ಹೇಗಿದೆ ಅಂತ ನೋಡಿಕೊಳ್ಳಿ. ನಾಗರಾಳ ಜಲಾಶಯದಿಂದ ನೀರು ಬಿಟ್ಟ ಸುದ್ದಿ ಇದ್ದರೆ ಪ್ರವಾಸ ಮುಂದಿನ ವಾರಕ್ಕೆ ಹಾಕುವುದೇ ಛಲೋ. ಸೇತುವೆ ಮೇಲೆ ನೀರು ಹರಿಯುತ್ತಿದ್ದರೆ ಅದು ಮೊಣಕಾಲುದ್ದ ಮಾತ್ರ ಇದ್ದರೂ ಗಾಡಿ ಇಳಿಸಬೇಡಿ. ಮುಂದಿನ ಗಾಡಿ ಹೋಯ್ತು ಅನ್ನುವುದು ನಿಮ್ಮ ಗಾಡಿ ಹೋಗ್ತದ ಅನ್ನುವುದಕ್ಕೆ ಆಧಾರ ಅಲ್ಲ.

ಹೊಲಗಳು ಮಾತ್ರ ಈ ದಾರಿಯ ಉದ್ದಕ್ಕೂ ಕಣ್ಣಿಗೆ ಹಬ್ಬ. 2019ರಲ್ಲಿ ಭೌಗೋಳಿಕ ಸೂಚಕ ಪಡೆದ ಕಲಬುರಗಿ ತೊಗರಿ ಇದೇ ನೆಲದ್ದು. ತೊಗರಿ ಹೂವಾಡುವ ಹೊತ್ತಿಗೆ ಬಂದರೆ ರಸ್ತೆಯ ಎರಡೂ ಬದಿ ಹಳದಿ. ಫೋಟೋ ಹುಚ್ಚಿನವರು ಗುಡ್ಡದವರೆಗೆ ಹೋಗುವುದೇ ಬೇಡ. ಇದೇ ಭಾಗದ ಗಡಿಕೇಶ್ವರದಲ್ಲಿ 2021ರ ಅಕ್ಟೋಬರ್‌ನಲ್ಲಿ ನೆಲದೊಳಗಿಂದ ಸದ್ದು ಬಂದು, ಭೂಮಿ ನಡುಗಿ, ಜನ ರಾತ್ರಿ ಮನೆ ಹೊರಗೆ ಮಲಗಿದ್ದರು.

ಚಿಂಚೋಳಿ ದಾಟಿದ ಮೇಲೆ

ಪೆಟ್ರೋಲ್, ನೀರು, ಗಾಳಿ, ತಿಂಡಿ ಎಲ್ಲ ಚಿಂಚೋಳಿಯಲ್ಲೇ ನೋಡಿಕೊಳ್ಳಿ. ಮುಂದೆ ಸಿಗ್ತದ ಅಂತ ನಂಬಿ ಹೋಗಬ್ಯಾಡ್ರಿ. ಮಿರ್ಚಿ ಭಜಿ, ಸುಸಲಾ ಇಲ್ಲಿ ತಿಂದು, ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಮನೆಯಿಂದಲೇ ಕಟ್ಟಿಕೊಂಡು ಹೋದರೆ ಪ್ಲಾಸ್ಟಿಕ್ ಕಸವೂ ಆಗುವುದಿಲ್ಲ. ಊರಿನ ಪಂಚಲಿಂಗೇಶ್ವರ ಬುಗ್ಗಿ ನೋಡದೆ ಹೋಗುವವರು ಕಡಿಮೆ. ನೆಲದಿಂದ ಉಕ್ಕುವ ಊಟೆಗೆ ನಮ್ಮಲ್ಲಿ ಬುಗ್ಗಿ ಅಂತಾರೆ.

ಚಿಂಚೋಳಿಯಿಂದ ಹದಿನೈದು-ಇಪ್ಪತ್ತು ಕಿಲೋಮೀಟರಿನಲ್ಲಿ ಚಂದ್ರಂಪಳ್ಳಿ ಜಲಾಶಯ. ಮೂರು ಕಡೆ ಗುಡ್ಡ, ನಡುವೆ ನೀರು. ಇದನ್ನು ಮೊದಲ ಸಲ ನೋಡಿದ ವಾಡಿಯ ಯಾರೇ ಆದರೂ "ಇದು ನಮ್ಮ ಜಿಲ್ಲಾನೇ?" ಅನ್ನದೆ ಇರುವುದಿಲ್ಲ. ಜಿಲ್ಲೆಯಲ್ಲಿ ಮಳೆ ಹೆಚ್ಚು ಬೀಳುವ ತಾಲ್ಲೂಕು ಚಿಂಚೋಳಿ, ಅದಕ್ಕೇ ಇದನ್ನು ಕಲಬುರಗಿಯ ಮಲೆನಾಡು ಅಂತ ಕರೆಯುವುದು. ಹಿನ್ನೀರಿನ ಕಡೆ ಗೊಟ್ಟಂಗೊಟ್ಟದ ಬಕ್ಕಪ್ರಭು ದೇವಸ್ಥಾನ. ಶ್ರಾವಣದಲ್ಲಿ ಇಲ್ಲಿಗೆ ಬರುವವರು ಗುಡ್ಡ ನೋಡಲು ಬಂದವರಲ್ಲ, ದೇವರಿಗೆ ಬಂದವರು. ಕ್ರೂಸರ್, ಟಂಟಂ, ಟ್ರ್ಯಾಕ್ಟರ್ ತುಂಬ ಮಂದಿ. ಶ್ರಾವಣ ಸೋಮವಾರ ಬಿಟ್ಟು ಬೇರೆ ದಿನ ಹೋದರೆ ಅವರಿಗೂ ನಿಮಗೂ ಅನುಕೂಲ.

ಇಲ್ಲಿಂದ ಕುಂಚಾವರಂ ಕಡೆಗೆ ರಸ್ತೆ ಕಾಡಿನೊಳಗೆ ಏರುತ್ತದೆ. ತಿರುವುಗಳು ಆಗುಂಬೆಯ ಹಾಗೆ ಗಿರ್ರನೆ ತಿರುಗುವುದಿಲ್ಲ, ಆದರೆ ರಸ್ತೆ ಅಗಲ ಇಲ್ಲ, ಎದುರು ಬರುವ ಗಾಡಿ ಮರದ ಮರೆಯಿಂದ ಒಮ್ಮೆಲೇ ಕಾಣುತ್ತದೆ. ತಿರುವಿಗೊಂದು ಹಾರ್ನ್ ಸಾಕು, ಕಾಡಿನಲ್ಲಿ ಸುಮ್ಮನೆ ಹೊಡೆಯುತ್ತ ಹೋಗಬಾರದು. ಇಕ್ಕಟ್ಟಾದ ಏರಿನಲ್ಲಿ ಎರಡು ಗಾಡಿ ಎದುರಾದರೆ ಇಳಿಯುವವನು ನಿಂತು ಏರುವವನಿಗೆ ದಾರಿ ಬಿಡಬೇಕು. ಇದು ಮರ್ಯಾದೆಯ ಮಾತಷ್ಟೇ ಅಲ್ಲ, ಮೋಟಾರು ವಾಹನ ಚಾಲನಾ ನಿಯಮದಲ್ಲೇ ಇದೆ. ಏರುವಾಗ ನಿಂತ ಗಾಡಿ ಮತ್ತೆ ಎತ್ತುವುದು ಕಷ್ಟ ಅನ್ನುವುದು ಅದರ ಹಿಂದಿನ ಲೆಕ್ಕ. ಇಳಿಯುವಾಗ ಯಾವ ಗೇರಿನಲ್ಲಿ ಹತ್ತಿದ್ದಿರೋ ಅದೇ ಗೇರಿನಲ್ಲಿ ಇಳಿಯಿರಿ. ನ್ಯೂಟ್ರಲ್ ಮಾಡಿ ಪೆಟ್ರೋಲ್ ಉಳಿಸುವ ಶ್ಯಾಣ್ಯಾತನ ಬಯಲಿಗೇ ಇರಲಿ.

ಇಲ್ಲಿಯ ಕಾಡು ಎಲೆ ಉದುರಿಸುವ ಕಾಡು. ಅಂಚಿನಲ್ಲಿ ಜಾಲಿ, ತೇಗದ ನೆಡುತೋಪು, ಒಳಗೆ ಶ್ರೀಗಂಧ, ರಕ್ತಚಂದನ ಕೂಡ ಇವೆ. ಜುಲೈ ಕೊನೆಯಿಂದ ಅಕ್ಟೋಬರ್‌ವರೆಗೆ ಹಸಿರು, ಅಕ್ಟೋಬರ್‌ನಲ್ಲಿ ಸೀತಾಫಲ. ಫೆಬ್ರುವರಿ ಹೊತ್ತಿಗೆ ಎಲೆ ಉದುರಿ ಮುತ್ತುಗದ ಹೂವು ಕೆಂಪಗೆ ಉರಿಯುತ್ತಿರುತ್ತದೆ. ಎಲ್ಲರೂ ಮಳೆಗಾಲ ಅಂತಾರೆ, ನನ್ನ ಮಾತು ಕೇಳಿದರೆ ಫೆಬ್ರುವರಿಗೂ ಒಮ್ಮೆ ಹೋಗಿ ನೋಡ್ರಿ. ಎಲೆ ಇಲ್ಲದಾಗಲೇ ಗುಡ್ಡದ ಆಕಾರ ಕಾಣುವುದು, ಹಕ್ಕಿ ಕಾಣುವುದು. ಏಪ್ರಿಲ್, ಮೇ ಬೇಡ.

ಕುಂಚಾವರಂ ಭಾಗದ ಕಾಡಿನಲ್ಲಿ ಎತ್ತಿಪೋತ ಜಲಪಾತ ಇದೆ. ಹೆಸರು ತೆಲುಗಿನದು, ಎತ್ತಿ ಸುರಿದದ್ದು ಅಂತ ಅರ್ಥ. ನಾಗಾರ್ಜುನ ಸಾಗರದ ಹತ್ತಿರ ಇದೇ ಹೆಸರಿನ ಇನ್ನೊಂದು ಜಲಪಾತ ಇದೆ, ಮೊಬೈಲಿನಲ್ಲಿ ಹುಡುಕಿ ಅದರ ಫೋಟೋ ನೋಡಿ ಮೋಸ ಹೋಗಬೇಡಿ. ನಮ್ಮದು ಮಳೆಯ ಜಲಪಾತ. ಮಳೆ ಬಂದರೆ ಉಂಟು, ಇಲ್ಲದಿದ್ದರೆ ಬರೀ ಬಂಡೆ. ನೀರಿನ ತುದಿಯ ಕಲ್ಲು ಪಾಚಿ ಹಿಡಿದು ಜಾರುತ್ತದೆ. ಸೆಲ್ಫಿ ತೆಗೆಯುವವರಿಗೆ ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಕುಂಚಾವರಂ ಊರಿನಲ್ಲಿ ಕನ್ನಡಕ್ಕಿಂತ ತೆಲುಗು ಜಾಸ್ತಿ ಕೇಳಿಸುತ್ತದೆ. ಮುಂದೆ ಅದೇ ದಾರಿ ತೆಲಂಗಾಣದ ಜಹೀರಾಬಾದ್ ಕಡೆ ಹೋಗುತ್ತದೆ.

ರಸ್ತೆ ನಿಮ್ಮದು, ಕಾಡು ಅಲ್ಲ

ಸರ್ಕಾರ 2011ರಲ್ಲಿ ಇಲ್ಲಿಯ 134.88 ಚದರ ಕಿಲೋಮೀಟರ್ ಕಾಡನ್ನು ಚಿಂಚೋಳಿ ವನ್ಯಜೀವಿಧಾಮ ಅಂತ ಘೋಷಿಸಿತು. ದಕ್ಷಿಣ ಭಾರತದ ಮೊದಲ ಒಣಭೂಮಿ ವನ್ಯಜೀವಿಧಾಮ ಅಂತ ಇದಕ್ಕೆ ಹೆಸರು. ತೋಳ, ಕತ್ತೆಕಿರುಬ, ನರಿ, ಕೃಷ್ಣಮೃಗ, ನಾಲ್ಕು ಕೊಂಬಿನ ಕೊಂಡಕುರಿ ಇಲ್ಲಿವೆ. ಹುಲಿ ಕಂಡೀತು ಅಂತ ಹೋಗುವವರಿಗೆ ನಿರಾಸೆ ಖಚಿತ. ಆದರೆ ತೋಳ, ಕತ್ತೆಕಿರುಬ ನಮ್ಮ ಬಯಲುಸೀಮೆಯ ಪ್ರಾಣಿಗಳು, ಅವಕ್ಕೆ ಉಳಿದಿರುವ ಜಾಗ ಇಂಥವೇ.

ವನ್ಯಜೀವಿಧಾಮ ಆದದ್ದರಿಂದ ಗಾಡಿ ಹೊಡೆಯುವವರಿಗೆ ಏನು ವ್ಯತ್ಯಾಸ? 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 27ನೇ ಕಲಮು ಯಾರು ಪರವಾನಗಿ ಇಲ್ಲದೆ ಒಳಗಿರಬಹುದು ಅಂತ ಹೇಳುತ್ತದೆ. ಕರ್ತವ್ಯದ ಮೇಲಿರುವ ನೌಕರರು, ಒಳಗೆ ವಾಸಕ್ಕೆ ಅನುಮತಿ ಇದ್ದವರು, ಒಳಗೆ ಜಮೀನಿನ ಹಕ್ಕಿದ್ದವರು, ಅವರ ಅವಲಂಬಿತರು ಮತ್ತು ಸಾರ್ವಜನಿಕ ಹೆದ್ದಾರಿಯಲ್ಲಿ ಹಾದುಹೋಗುವವರು. ನಾವು-ನೀವು ಬರುವುದು ಈ ಕೊನೆಯ ಸಾಲಿನಲ್ಲಿ. ಹಾದುಹೋಗುವುದಕ್ಕೆ ಯಾರ ಅಪ್ಪಣೆಯೂ ಬೇಡ. ಆದರೆ ಡಾಂಬರು ಬಿಟ್ಟು ಕಾಡೊಳಗೆ ನಡೆದರೆ, ಬೈಕ್ ಇಳಿಸಿದರೆ, ಟೆಂಟ್ ಹಾಕಿದರೆ ಆ ಸಾಲಿನಿಂದ ಹೊರಗೆ ಬೀಳುತ್ತೀರಿ. ಪ್ರವಾಸಕ್ಕೆ, ಫೋಟೋಕ್ಕೆ ಒಳಗೆ ಹೋಗಬೇಕೆಂದರೆ 28ನೇ ಕಲಮಿನ ಪ್ರಕಾರ ಪರವಾನಗಿ ಪಡೆಯಬೇಕು, ಚಿಂಚೋಳಿಯ ಅರಣ್ಯ ಇಲಾಖೆ ಕಚೇರಿಯಲ್ಲಿ ವಿಚಾರಿಸಿ. ಬೆಂಕಿ ಹಚ್ಚುವುದು, ಹಚ್ಚಿದ್ದನ್ನು ಆರಿಸದೆ ಬಿಡುವುದು 30ನೇ ಕಲಮಿನಡಿ ಅಪರಾಧ. ಕೋಳಿ ಸುಟ್ಟು ತಿನ್ನಲು ಮೂರು ಕಲ್ಲು ಹೂಡುವವರು ಇದನ್ನು ಎರಡು ಸಲ ಓದಿಕೊಳ್ಳಬೇಕು. ಒಣಗಿದ ತೇಗದ ಎಲೆಗೆ ಬೀಡಿಯ ಕಿಡಿ ಸಾಕು.

ಇನ್ನೊಂದು ಮಾತು. ಈ ಕಾಡಿನೊಳಗೆ ಲಂಬಾಣಿ ತಾಂಡಾಗಳಿವೆ. ವನ್ಯಜೀವಿಧಾಮಕ್ಕಿಂತ ಮುಂಚೆ ಇದ್ದ ಜನ ಇವರು. ಧಾಮದೊಳಗೆ ರಸ್ತೆ ಅಗಲ ಮಾಡಬೇಕೆಂದರೆ, ಮರ ತೆಗೆಯಬೇಕೆಂದರೆ ವನ್ಯಜೀವಿ ಮಂಡಳಿಯ ಮಟ್ಟದ ಒಪ್ಪಿಗೆ ಬೇಕು. ಹಾಗಾಗಿ ನಮಗೆ ಚಂದ ಕಾಣುವ ಸಣ್ಣ ರಸ್ತೆ ಅವರ ಪಾಲಿಗೆ ಬೇರೆ ದಾರಿ ಇಲ್ಲದ್ದಕ್ಕೆ ಇರುವ ರಸ್ತೆ. ಕೆಲವು ತಾಂಡಾಗಳನ್ನು ಹೊರಗೆ ಸ್ಥಳಾಂತರಿಸುವ ಮಾತು ವರ್ಷಗಳಿಂದ ನಡೆದೇ ಇದೆ. ಹೋಗಲು ಒಪ್ಪುವವರಿದ್ದಾರೆ, ಅಜ್ಜ-ಮುತ್ತಜ್ಜರ ಹೊಲ ಬಿಟ್ಟು ಎಲ್ಲಿಗೆ ಅನ್ನುವವರೂ ಇದ್ದಾರೆ. ಆ ವಾದ ಏನೇ ಇರಲಿ, ಹೆರಿಗೆ ನೋವು ಬಂದ ಹೆಣ್ಣುಮಗಳು, ಹಾವು ಕಚ್ಚಿದ ರೈತ ಚಿಂಚೋಳಿ ಆಸ್ಪತ್ರೆ ಮುಟ್ಟಬೇಕಾದದ್ದು ಇದೇ ದಾರಿಯಲ್ಲಿ.

ಭಾನುವಾರ ಮಧ್ಯಾಹ್ನ ಜಲಾಶಯದ ಹತ್ತಿರ ಹೋಗಿ ನೋಡ್ರಿ. ಕಾರು ಡಾಂಬರಿನ ಮೇಲೇ ನಿಂತಿರ್ತಾವ, ಬಾಗಿಲು ತೆರೆದು, ಹಾಡು ಹಚ್ಚಿ. ಒಂದು ಬದಿ ಕಾರು, ಇನ್ನೊಂದು ಬದಿ ಬೈಕು, ನಡುವೆ ಆಟೋ ಹೋಗುವಷ್ಟು ಜಾಗ. ಕಳೆದ ಮಳೆಗಾಲದಲ್ಲಿ ಈ ಬರಹಗಾರನ ಕಣ್ಣೆದುರೇ ಒಂದು ಟಂಟಂ ಹಾಗೆ ಸಿಕ್ಕಿಬಿತ್ತು. ಒಳಗೆ ಜ್ವರದಿಂದ ಒರಗಿದ್ದ ಮುದುಕಿ, ಪಕ್ಕದಲ್ಲಿ ಮಗ. ಕಾರಿನವರು ಕೆಳಗೆ ನೀರಿನ ಹತ್ತಿರ ಹೋಗಿದ್ದರು. ಅವರನ್ನು ಕೂಗಿ ಕರೆದು, ಕಾರು ತೆಗೆಸುವಷ್ಟರಲ್ಲಿ ಇಪ್ಪತ್ತು ನಿಮಿಷ ಆಯ್ತು. ಮಗ ಒಂದು ಮಾತೂ ಬೈಯಲಿಲ್ಲ, "ಜರಾ ಬಾಜೂ ತಗೋರಿ ಅಣ್ಣಾ" ಅಂದ ಅಷ್ಟೇ. ಗಾಡಿ ನಿಲ್ಲಿಸುವುದಾದರೆ ಅಗಲ ಇದ್ದ ಕಡೆ, ನಾಲ್ಕೂ ಗಾಲಿ ಡಾಂಬರಿನಿಂದ ಕೆಳಗೆ ಇಳಿಸಿ ನಿಲ್ಲಿಸಿ. ಒಬ್ಬರು ಗಾಡಿ ಹತ್ತಿರವೇ ಕೀಲಿ ಹಿಡಿದು ಇರಲಿ.

ಹೊತ್ತಿನ ಲೆಕ್ಕ

ವಾಡಿಯನ್ನು ಮುಂಜಾನೆ ಆರಕ್ಕೆ ಬಿಟ್ಟರೆ ಲಾರಿಗಳ ಗದ್ದಲ ಏರುವ ಮುಂಚೆ ಸೇಡಂ ದಾಟಬಹುದು. ಹತ್ತರ ಒಳಗೆ ಚಂದ್ರಂಪಳ್ಳಿ. ಕುಂಚಾವರಂ ನೋಡಿ ಮಧ್ಯಾಹ್ನ ಎರಡಕ್ಕೆ ವಾಪಸ್ ತಿರುಗಿಸಿ. ಸಂಜೆ ನಾಲ್ಕೂವರೆಯ ಮೇಲೆ ಕಾಡಿನ ದಾರಿಯಲ್ಲಿ ಇರಬೇಡಿ: ದನ, ಕುರಿ ಮನೆಗೆ ಹೊರಡುವ ಹೊತ್ತು ಅದು, ಹಿಂದೆಯೇ ಕತ್ತಲು, ಕತ್ತಲಿನ ಹಿಂದೆ ಕಾಡುಪ್ರಾಣಿ. ಮೊಬೈಲ್ ಸಿಗ್ನಲ್ ಕಾಡಿನಲ್ಲಿ ನಂಬುವ ಹಾಗಿಲ್ಲ, ಎಲ್ಲಿಗೆ ಹೋಗುತ್ತೀರಿ, ಎಷ್ಟಕ್ಕೆ ಬರುತ್ತೀರಿ ಅಂತ ಮನೆಯಲ್ಲಿ ಹೇಳಿ ಹೋಗಿ.

ಸೇಡಂನಿಂದ ವಾಡಿಗೆ ಬರುವಾಗ ಸೂರ್ಯ ಸೀದಾ ಕಣ್ಣಿಗೆ ಹೊಡೆಯುತ್ತಾನೆ, ಬಲ್ಕರ್‌ಗಳೂ ಎದುರಿಗೇ ಬರುತ್ತಿರುತ್ತವೆ. ಚಿತ್ತಾಪುರದಲ್ಲಿ ಇನ್ನೊಂದು ಚಹಾ ಕುಡಿದು, ಹೊತ್ತು ಮುಳುಗಿದ ಮೇಲೆ ಉಳಿದ ದಾರಿ ಹಿಡಿಯಿರಿ.